ಹುಲ್ಲುಗಾವಲಿನ ಜಮಾಖರ್ಚು

ನಾವು ಪುಣೆಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಬಿ. ಎ. ಓದಿದ್ದೇವೆ, ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ. ಈ ಮೂರರಲ್ಲಿ ಯಾವುದೂ ನಮ್ಮ ಮೇಜಿನ ಮೇಲಿನ ಕಡತಗಳಿಗೆ ಬೇಕಾಗಿಲ್ಲ. ಅಲ್ಲಿ ಬೇಕಾದದ್ದು ಕೂಡುವುದು, ಕಳೆಯುವುದು, ಮತ್ತು ಲೆಕ್ಕ ಬರೆದವನ ಮೇಲೆ ಅನುಮಾನ ಪಡುವುದು. ಹನ್ನೆರಡು ವರ್ಷದಿಂದ ಈ ಮೂರು ವಿದ್ಯೆಗಳಲ್ಲಿ ನಾವು ಸಾಕಷ್ಟು ಪಳಗಿದ್ದೇವೆ ಎಂಬ ಜಂಬ ನಮಗಿತ್ತು. ಆ ಜಂಬ ಇಳಿದದ್ದು ಊರಿನ ಹುಲ್ಲುಗಾವಲೊಂದರಲ್ಲಿ, ಒಂದು ಸಂಕ್ರಾಂತಿಯಂದು. ನಮ್ಮ ಹಾಗೆಯೇ ಊರಿನಲ್ಲಿ ಅಣ್ಣತಮ್ಮಂದಿರ ಕೈಯಲ್ಲಿ ಎಕರೆ ಎರಡೆಕರೆ ಬಿಟ್ಟು ಬಂದಿರುವ ಸದಸ್ಯರು ಈ ಸಂಘದಲ್ಲಿ ಅನೇಕರಿದ್ದಾರೆ. ಅವರಿಗಾದರೂ ಉಪಯೋಗಕ್ಕೆ ಬರಲಿ ಎಂದು ಇದನ್ನು ಬರೆಯುತ್ತಿದ್ದೇವೆ.

ನಮ್ಮ ಊರು ಅಜ್ಜಂಪುರದ ಕಡೆ. ಪುಣೆಯಲ್ಲಿ ರೈಲು ಹತ್ತಿದರೆ ಮಿರಜ, ಹುಬ್ಬಳ್ಳಿ, ದಾವಣಗೆರೆ ದಾಟಿ ಬೀರೂರಿನಲ್ಲಿ ಇಳಿಯಬೇಕು. ಮಲೆನಾಡಿನ ಹಸಿರು ಅಲ್ಲಿಗೆ ಮುಗಿದು, ಬಯಲುಸೀಮೆಯ ಹುಲ್ಲುಬಯಲು ಶುರುವಾಗುತ್ತದೆ. ಅಲ್ಲೊಂದು ಹುಣಸೆ, ಇಲ್ಲೊಂದು ಜಾಲಿ, ನಡುವೆ ಕರಡದ ಹುಲ್ಲು. ಭೂಗೋಳದ ಪುಸ್ತಕದಲ್ಲಿ ಸವನ್ನಾ ಎಂದು ಓದಿದಾಗ ನಮಗೆಲ್ಲ ಆಫ್ರಿಕದ ಸಿಂಹ, ಜಿರಾಫೆಗಳು ಕಣ್ಣಿಗೆ ಕಟ್ಟುತ್ತಿದ್ದವು. ನಮ್ಮ ಊರಿನ ಬಯಲೂ ಸವನ್ನಾ ಎಂದು ಯಾರೂ ಹೇಳಿರಲಿಲ್ಲ. ಸರ್ಕಾರದ ದಫ್ತರದಲ್ಲಿ ಇಂಥ ನೆಲದ ಹೆಸರು ಖರಾಬು, ಇಲ್ಲವೇ ಬೀಳು. ಕಾಡು ಕಡಿದು ಹಾಳಾದ ಜಾಗ ಎಂದೇ ಬಹಳ ಮಂದಿ ತಿಳಿದಿದ್ದಾರೆ. ದಕ್ಷಿಣದ ಪ್ರಸ್ಥಭೂಮಿಯ ಇಂಥ ಬಯಲುಗಳಲ್ಲಿ ಬಹಳಷ್ಟು ಹಾಳಾದ ಕಾಡಲ್ಲ, ಮೊದಲಿನಿಂದಲೂ ಹುಲ್ಲಿನ ನೆಲವೇ ಎಂದು ಈಚಿನ ವಿದ್ವಾಂಸರು ಹೇಳುತ್ತಾರೆ.

ಹಳಬರು ಮಾತ್ರ ಆ ನೆಲಕ್ಕೆ ಬೆಲೆ ಕೊಟ್ಟಿದ್ದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಅರಮನೆಯ ದನಗಳ ಇಲಾಖೆಗೆ ಬೆಣ್ಣೆ ಚಾವಡಿ ಎಂದು ಹೆಸರಿತ್ತು. ಮುಂದೆ ಟಿಪ್ಪು ಸುಲ್ತಾನ ಅದನ್ನೇ ಅಮೃತ ಮಹಲ್ ಎಂದು ಕರೆದ. ಆ ದನಗಳು ಮೇಯಲು ಮೀಸಲಿಟ್ಟ ಬಯಲುಗಳೇ ಕಾವಲುಗಳು. ಬೇಸಿಗೆಯ ಕಾವಲು ಬೇರೆ, ಮಳೆಗಾಲದ್ದು ಬೇರೆ, ಚಳಿಗಾಲದ್ದು ಬೇರೆ. ದನ ಒಂದು ಕಡೆ ಮೇಯುವಾಗ ಉಳಿದ ಎರಡು ಕಡೆ ಹುಲ್ಲು ಉಸಿರಾಡಬೇಕೆಂಬುದು ಅದರ ಮರ್ಮ. ಅಮೃತ ಮಹಲ್ ತಳಿಯ ಕೇಂದ್ರ ಇಂದಿಗೂ ಅಜ್ಜಂಪುರದಲ್ಲಿದೆ. ಕಾವಲುಗಳು ಮಾತ್ರ ಬಹುಪಾಲು ಕರಗಿಹೋಗಿವೆ.

ಅಂಥ ಬಯಲಿನ ಅಂಚಿನಲ್ಲಿ ನಮ್ಮ ತಂದೆಯವರದು ಹನ್ನೆರಡು ಎಕರೆ ಹುಲ್ಲುಗಾವಲು. ಗರಸು ಮಿಶ್ರಿತ ಕೆಂಪು ಮಣ್ಣು, ಉಳಲು ಬಾರದು. ಪಕ್ಕದ ಗೊಲ್ಲರಹಟ್ಟಿಯ ದನಗಳು ಅಲ್ಲಿ ಮೇಯುತ್ತಿದ್ದವು. ತಂದೆಯವರು ಒಂದು ಕಾಸೂ ಕೇಳುತ್ತಿರಲಿಲ್ಲ. ಷರತ್ತು ಎರಡೇ. ಮುಂಗಾರು ಬಿದ್ದು ಹುಲ್ಲು ಮೊಣಕಾಲುದ್ದ ಬರುವ ತನಕ ದನ ಒಳಗೆ ಬರಕೂಡದು. ಎರಡನೆಯದು, ಬೇಸಿಗೆಯಲ್ಲಿ ದನ ರಾತ್ರಿ ಹಟ್ಟಿಗೆ ಹೋಗಕೂಡದು, ನಮ್ಮ ನೆಲದಲ್ಲೇ ಮಂದೆ ನಿಲ್ಲಬೇಕು, ಅದೂ ಮೂರು ನಾಲ್ಕು ರಾತ್ರಿಗೊಮ್ಮೆ ಜಾಗ ಬದಲಿಸಿ. ಕುರಿಯವರು ಬಂದರೆ ಅವರಿಗೂ ಇದೇ ಮಾತು. ನಾವು ಹುಡುಗರಾಗಿದ್ದಾಗ ಈ ಎರಡನೆಯ ಷರತ್ತು ತಂದೆಯವರ ಹಟ ಎಂದೇ ತಿಳಿದಿದ್ದೆವು.

2015ರಲ್ಲಿ ತಂದೆಯವರು ತೀರಿಕೊಂಡರು. ಮರುವರ್ಷ ವರ್ಷಾಬ್ದಿಕಕ್ಕೆ ಹೋದಾಗ ನಾವು ಒಂದು ಕಾಗದದ ಮೇಲೆ ಯೋಜನೆ ಬರೆದುಕೊಂಡೇ ಹೋಗಿದ್ದೆವು. ಹನ್ನೆರಡು ಎಕರೆ, ಆದಾಯ ಸೊನ್ನೆ. ಇದು ಯಾವ ಲೆಕ್ಕ? ಬೇಲಿ ಹಾಕಿಸಿ ದನಗಳನ್ನು ನಿಲ್ಲಿಸುವುದು. ನೆಲಕ್ಕೆ ವಿಶ್ರಾಂತಿಯೂ ಆಯಿತು. ಕಾರ್ತಿಕದಲ್ಲಿ ಹುಲ್ಲು ಕೊಯ್ದು ಒಣಗಿಸಿ ಪೇಟೆಯ ಹಾಲಿನ ಡೈರಿಗಳಿಗೆ ಮಾರುವುದು. ಬಂದ ಹಣದಲ್ಲಿ ಅಣ್ಣನಿಗೆ ಅರ್ಧ, ನಮಗೆ ಅರ್ಧ. ಅಣ್ಣ ಮೆಲ್ಲಗೆ, “ಅಪ್ಪ ಹೀಗೆ ಮಾಡ್ತಿರಲಿಲ್ಲವಲ್ಲೋ” ಎಂದ. “ಅಪ್ಪನಿಗೆ ಲೆಕ್ಕ ಬರುತ್ತಿರಲಿಲ್ಲ ಅಣ್ಣ” ಎಂದೆವು. ಈ ಮಾತನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಎಲ್ಲವೂ ಕ್ರಮವಾಗಿರಲಿ ಎಂದು ಮಣ್ಣನ್ನೂ ಪರೀಕ್ಷೆ ಮಾಡಿಸಿದೆವು. ಕೇಂದ್ರ ಸರ್ಕಾರದ ಮಣ್ಣು ಆರೋಗ್ಯ ಚೀಟಿಯ ಯೋಜನೆ ಅದಕ್ಕೆ ಒಂದು ವರ್ಷ ಮೊದಲಷ್ಟೇ, 2015ರ ಫೆಬ್ರವರಿಯಲ್ಲಿ ಶುರುವಾಗಿತ್ತು. ಚೀಟಿ ಬಂತು. ಸಾರಜನಕ ಕಡಿಮೆ, ರಂಜಕ ಕಡಿಮೆ. ಪೊಟ್ಯಾಷ್ ಮಾತ್ರ ಹೆಕ್ಟೇರಿಗೆ 342 ಕಿಲೋ. ನಮ್ಮ ಕಡೆಯ ಪರೀಕ್ಷಾಲಯಗಳ ಲೆಕ್ಕದಲ್ಲಿ ಸುಮಾರು 145ರ ಕೆಳಗೆ ಬಂದರೆ ಕೊರತೆ, 335ರ ಮೇಲೆ ಹೋದರೆ ಸಮೃದ್ಧಿ, ನಡುವೆ ಇದ್ದದ್ದು ಮಧ್ಯಮ. ನಮ್ಮದು ಸಮೃದ್ಧಿಯ ವರ್ಗದಲ್ಲಿ ತೇರ್ಗಡೆಯಾಗಿತ್ತು. ಆ ಚೀಟಿಯನ್ನು ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಕಡತದಲ್ಲಿಟ್ಟೆವು.

ಬೇಲಿ ಹಾಕುವ ದಿನ ಹಟ್ಟಿಯ ಅಜ್ಜ ಬಂದು ನಿಂತಿದ್ದ. ಜಗಳವಾಡಲಿಲ್ಲ. ಕೋಲಿಗೆ ಗದ್ದ ಊರಿ ಸ್ವಲ್ಪ ಹೊತ್ತು ನೋಡಿ, “ದನ ಮೇದ್ರೆ ನೆಲದ್ದು ನೆಲ್ದಾಗೇ ಇರ್ತೈತೆ ಸಣ್ಣಯ್ಯ. ಗಾಡ್ಯಾಗೆ ಹೋದ್ದು ತಿರುಗಿ ಬರಾಕಿಲ್ಲ” ಎಂದ. ಮೇವು ತಪ್ಪಿದ ಸಂಕಟದಲ್ಲಿ ಆಡಿದ ಮಾತು ಎಂದುಕೊಂಡು ನಾವು ಬೇಲಿಯ ಕಂಬಗಳನ್ನು ಎಣಿಸುವುದರಲ್ಲಿ ತೊಡಗಿದೆವು.

2017ರಲ್ಲಿ ಮೊದಲ ಕೊಯ್ಲು. ಒಂಬತ್ತು ಟನ್ನು ಒಣಹುಲ್ಲು. ನಮ್ಮ ಪಾಲು ಮನಿಯಾರ್ಡರಿನ ಕಾಲವಲ್ಲವಾದ್ದರಿಂದ ನೇರವಾಗಿ ಬ್ಯಾಂಕಿಗೆ ಬಂದು ಬಿತ್ತು. ಮನೆಯ ಲೆಕ್ಕದ ಪುಸ್ತಕದಲ್ಲಿ ‘ಊರಿನಿಂದ ಜಮಾ’ ಎಂದು ಹೊಸ ಬಾಬು ತೆರೆದೆವು. ಮಗಳು ಶಾಲೆಗೆ ಸೇರಿದ ಮೇಲೆ ಆ ಹಣ ಅವಳ ಫೀಜಿಗೆ ಆಯಿತು. ಮುಂದಿನ ವರ್ಷ ಎಂಟು ಟನ್ನು, ಆಮೇಲೆ ಮತ್ತೆ ಎಂಟು, ಏಳು, ಆರು. ಒಂದು ವರ್ಷ ಮಳೆ ತಡ, ಒಂದು ವರ್ಷ ಆಳು ಸಿಗಲಿಲ್ಲ ಎಂದು ಅಣ್ಣ ಹೇಳುತ್ತಿದ್ದ, ನಾವು ಹೂಂಗುಟ್ಟುತ್ತಿದ್ದೆವು.

2022 ಬಂತು. ಆ ವರ್ಷದ ಮಳೆ ನಮ್ಮ ಕಡೆಯವರಿಗೆಲ್ಲ ನೆನಪಿದೆ. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ, ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು. ಇಲ್ಲಿ ಪುಣೆಯಲ್ಲಿ ಕುಳಿತು ನಾವೂ ಆ ಚಿತ್ರಗಳನ್ನು ನೋಡಿ ಹಿಗ್ಗಿದೆವು. ಅಷ್ಟು ಮಳೆಯಾದ ವರ್ಷ ಅಣ್ಣನಿಂದ ಬಂದ ಲೆಕ್ಕ ಐದು ಟನ್ನು.

ಹನ್ನೆರಡು ವರ್ಷದ ಗುಮಾಸ್ತಿಕೆ ಆಗ ಎದ್ದು ಕುಳಿತಿತು. ರಾತ್ರಿಯೇ ಫೋನು ಮಾಡಿ, “ಅಣ್ಣ, ಕೆರೆಗಳೆಲ್ಲ ಕೋಡಿ ಬಿದ್ದ ವರ್ಷ ಐದು ಟನ್ ಅಂದರೆ ಯಾರು ನಂಬುತ್ತಾರೆ? ಉಳಿದದ್ದು ಎಲ್ಲಿ ಹೋಯಿತು?” ಎಂದು ಕೇಳಿಬಿಟ್ಟೆವು. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಅಣ್ಣ, “ಡೈರಿಯವರ ತೂಕದ ಚೀಟಿ ಆರು ವರ್ಷದ್ದೂ ಇಟ್ಟಿದ್ದೀನಿ. ಬಂದು ನೋಡಿಕೋ” ಎಂದಷ್ಟೇ ಹೇಳಿ ಫೋನು ಇಟ್ಟ. ಅದಾದ ಮೇಲೆ ದೀಪಾವಳಿಗೂ ಫೋನಿಲ್ಲ. ಪ್ರತಿ ವರ್ಷ ಅತ್ತಿಗೆ ಕಳಿಸುತ್ತಿದ್ದ ಹಪ್ಪಳದ ಡಬ್ಬವೂ ಬರಲಿಲ್ಲ. ನಮ್ಮಾಕೆ ಒಂದು ದಿನ ಕಾಫಿ ಕೊಡುತ್ತ, “ಲೆಕ್ಕ ಕೇಳುವುದು ನಿಮ್ಮ ಕಚೇರಿಯಲ್ಲಿ ಸರಿ. ಅಣ್ಣನನ್ನು ಕೇಳುವ ಮೊದಲು ನೆಲವನ್ನಾದರೂ ಒಂದು ಸಲ ಹೋಗಿ ನೋಡಬೇಡವೇ?” ಎಂದಳು. ಆರು ವರ್ಷದಲ್ಲಿ ನಾವು ಆ ಹುಲ್ಲುಗಾವಲಿನ ಒಳಗೆ ಕಾಲಿಟ್ಟಿರಲಿಲ್ಲ ಎಂಬುದು ಆಗ ನೆನಪಾಯಿತು.

2023ರ ಸಂಕ್ರಾಂತಿಗೆ ಹೊರಟೆವು. ಅಣ್ಣ ಬೀರೂರಿಗೆ ಬಂದಿದ್ದ. ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡ. ಆದರೆ ದಾರಿಯುದ್ದಕ್ಕೂ ಮಾತಿಲ್ಲ. ಮನೆಗೆ ಹೋದೊಡನೆ ತೂಕದ ಚೀಟಿಗಳ ಕಟ್ಟನ್ನು ನಮ್ಮ ಮುಂದಿಟ್ಟ. ಜೊತೆಗೆ ಇನ್ನೊಂದು ಕಾಗದ. ನಾವು ಫೋನಿನಲ್ಲಿ ಆಡಿದ ಮೇಲೆ ಅವನೇ ಹೋಗಿ ಮಣ್ಣು ಪರೀಕ್ಷೆ ಮಾಡಿಸಿದ್ದ. ಪೊಟ್ಯಾಷ್ 251. ಸಮೃದ್ಧಿಯಿಂದ ಮಧ್ಯಮಕ್ಕೆ ಇಳಿದಿತ್ತು.

ಅಭ್ಯಾಸಬಲ ನೋಡಿ, ನಮಗೆ ಅದರ ಮೇಲೂ ಅನುಮಾನ. ಮಣ್ಣು ಎಲ್ಲಿಂದ ತೆಗೆದಿದ್ದೋ! ಸರಿ, ಮರುದಿನ ಅಣ್ಣತಮ್ಮಂದಿರಿಬ್ಬರೂ ಗುದ್ದಲಿ, ಚೀಲ ಹಿಡಿದು ಹೊರಟೆವು. ಕೃಷಿ ಇಲಾಖೆಯವರು ಹೇಳಿಕೊಟ್ಟ ಕ್ರಮವನ್ನು ಅಣ್ಣ ಚಾಚೂ ತಪ್ಪದೆ ಮಾಡಿದ. ಮರದ ನೆರಳು, ಬದು, ದನ ಮಲಗಿದ ಜಾಗ ಇವನ್ನು ಬಿಡಬೇಕು. ಉಳಿದ ನೆಲದಲ್ಲಿ ಅಂಕುಡೊಂಕಾಗಿ ನಡೆಯುತ್ತ ಹದಿನೈದು ಕಡೆ ಹುಲ್ಲು ಕೆರೆದು, ಆರು ಅಂಗುಲ ಆಳದ ಗುಂಡಿ ತೋಡಿ, ಮೇಲಿನಿಂದ ಕೆಳಗಿನ ತನಕ ಒಂದು ಪದರ ಮಣ್ಣು ಕೆರೆದುಕೊಳ್ಳಬೇಕು. ಎಲ್ಲವನ್ನೂ ಬೆರೆಸಿ, ವೃತ್ತಾಕಾರವಾಗಿ ಹರಡಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಚೆಲ್ಲಬೇಕು. ಹೀಗೆ ಅರ್ಧ ಕಿಲೋ ಉಳಿಯುವ ತನಕ. ನಾವು ಮತ್ತೂ ಎರಡು ಚೀಲ ತುಂಬಿದೆವು: ತಂದೆಯವರ ಕಾಲದಲ್ಲಿ ದನ ಮಲಗುತ್ತಿದ್ದ ಹುಣಸೆಮರದ ಕೆಳಗಿನದೊಂದು, ಬೇಲಿಯ ಆಚೆ ಹಟ್ಟಿಯವರು ಇಂದಿಗೂ ಸರದಿಯ ಮೇಲೆ ದನ ಮೇಯಿಸುವ ನೆಲದ್ದೊಂದು.

ಬೇಲಿಯ ಹತ್ತಿರ ನಿಂತಾಗ ಪರೀಕ್ಷೆಯೇ ಬೇಡವೆನಿಸಿತು. ಆಚೆ ಹುಲ್ಲು ಗಿಡ್ಡವಾದರೂ ಒತ್ತಾಗಿತ್ತು. ಈಚೆ ನಮ್ಮದರಲ್ಲಿ ಬುಡಗಳ ನಡುವೆ ಗರಸು ಕಾಣುತ್ತಿತ್ತು. ಕೆಲವು ವಾರದ ಮೇಲೆ ಫಲಿತಾಂಶ ಬಂತು. ನಮ್ಮ ಕೊಯ್ಲಿನ ನೆಲ 247. ಬೇಲಿಯಾಚೆ 328. ಹುಣಸೆಮರದಡಿ 486. ಅಣ್ಣನ ಕಾಗದ ಸರಿಯಾಗಿಯೇ ಇತ್ತು.

ಮಣ್ಣು ಕೊಡಲು ಹೋದ ದಿನವೇ ಪರೀಕ್ಷಾಲಯದ ಅಧಿಕಾರಿಯೊಬ್ಬರು ಬಿಡುವು ಮಾಡಿಕೊಂಡು ನಮಗೆ ಪಾಠ ಹೇಳಿದ್ದರು. ಗುಮಾಸ್ತರೆಂದು ತಿಳಿದು ನಮ್ಮ ಭಾಷೆಯಲ್ಲೇ ಹೇಳಿದರು. ಮಣ್ಣಿನ ಪೊಟ್ಯಾಷ್ ಮೂರು ಖಾತೆಗಳಲ್ಲಿರುತ್ತದಂತೆ. ನೀರಿನಲ್ಲಿ ಕರಗಿದ್ದು ಕೈಯಲ್ಲಿನ ನಗದು, ಬಹಳ ಸ್ವಲ್ಪ. ಜೇಡಿಕಣಗಳಿಗೆ ಅಂಟಿಕೊಂಡಿದ್ದು ಉಳಿತಾಯ ಖಾತೆ. ಬೇರು ಕೇಳಿದಾಗ ಕೊಡುತ್ತದೆ. ಕಾಗೆಬಂಗಾರ, ಕಲ್ಲುಗಳ ಒಳಗೆ ಹುದುಗಿದ್ದು ಭವಿಷ್ಯನಿಧಿ. ದೊಡ್ಡ ಮೊತ್ತ, ಆದರೆ ಬಿಡುಗಡೆಯಾಗಲು ವರ್ಷಗಳೇ ಬೇಕು. ಪರೀಕ್ಷೆಯಲ್ಲಿ ಅಮೋನಿಯಂ ಅಸಿಟೇಟ್ ದ್ರಾವಣದಲ್ಲಿ ಮಣ್ಣನ್ನು ಕುಲುಕಿ ಅಳೆಯುವುದು ಮೊದಲ ಎರಡು ಖಾತೆಗಳನ್ನು ಮಾತ್ರ.

ಇನ್ನು ಖರ್ಚಿನ ಕಡೆ. ಒಣಹುಲ್ಲಿನ ನೂರು ಕಿಲೋದಲ್ಲಿ ಪೊಟ್ಯಾಸಿಯಂ ಒಂದರಿಂದ ಎರಡು ಕಿಲೋದ ತನಕ ಇರುತ್ತದೆ. ದನ ಅದನ್ನು ತಿಂದರೂ ತನ್ನ ಮೈಯಲ್ಲಿ ಇಟ್ಟುಕೊಳ್ಳುವುದು ಅತ್ಯಲ್ಪ; ಉಳಿದದ್ದೆಲ್ಲ ಹೊರಗೆ ಬರುತ್ತದೆ. ರಂಜಕ ಸಗಣಿಯಲ್ಲಿ ಹೋದರೆ, ಪೊಟ್ಯಾಷ್ ಬಹುಪಾಲು ಗಂಜಲದಲ್ಲಿ. ನೆಲಕ್ಕೆ ಬಿದ್ದೊಡನೆ ಬೇರಿಗೆ ಸಿಗುವ ರೂಪದಲ್ಲೇ ಇರುತ್ತದೆ. ಹುಲ್ಲುಗಾವಲಿನಲ್ಲಿ ಅಲ್ಲಲ್ಲಿ ಕಡುಹಸಿರು ಗುತ್ತಿಗಳು ಕಾಣುವುದು ಈ ಗಂಜಲದಿಂದಲೇ. ಆದರೆ ದನ ಹಗಲೆಲ್ಲ ಮೇದು ನೆರಳಿನಲ್ಲಿ ಮಲಗಿದರೆ, ಬಯಲಿನದೆಲ್ಲ ಮರದಡಿ ಸೇರುತ್ತದೆ. ನಮ್ಮ ಹುಣಸೆಯ 486 ಹಾಗೆ ಬಂದದ್ದು. ರಾತ್ರಿ ಹಟ್ಟಿಗೆ ಹೋದರೆ, ರಾತ್ರಿಯ ಪಾಲು ಹಟ್ಟಿಗೆ. ತಂದೆಯವರು ಮಂದೆಯನ್ನು ನಮ್ಮ ನೆಲದಲ್ಲೇ, ಜಾಗ ಬದಲಿಸಿ ನಿಲ್ಲಿಸಿ ಎಂದು ಹಟ ಹಿಡಿದದ್ದೇಕೆಂದು ಅಂದು, ಪರೀಕ್ಷಾಲಯದ ಬೆಂಚಿನ ಮೇಲೆ ಕುಳಿತಾಗ ನಮಗೆ ತಿಳಿಯಿತು. ಅಪ್ಪನಿಗೆ ಲೆಕ್ಕ ಬರುತ್ತಿತ್ತು. ಬರೆದಿಡುತ್ತಿರಲಿಲ್ಲ, ಅಷ್ಟೇ.

ಬೇಸಿಗೆಯಲ್ಲಿ ಬೆಂಕಿ ಬಿದ್ದರೂ ಪೊಟ್ಯಾಷಿಗೆ ಅಂಥ ನಷ್ಟವಿಲ್ಲವಂತೆ. ಸಾರಜನಕ ಹೊಗೆಯಾಗಿ ಹೋಗುತ್ತದೆ, ಪೊಟ್ಯಾಷ್ ಬೂದಿಯಲ್ಲಿ ಉಳಿಯುತ್ತದೆ. ಗಾಳಿಯೋ ಬಿರುಮಳೆಯೋ ಬೂದಿಯನ್ನು ಒಯ್ಯದಿದ್ದರೆ ನೆಲಕ್ಕೇ ಸೇರುತ್ತದೆ. ಇಂಗ್ಲಿಷಿನವರು ಬೂದಿಯ ನೀರನ್ನು ಮಡಕೆಯಲ್ಲಿ ಬತ್ತಿಸಿ ಈ ಉಪ್ಪನ್ನು ತೆಗೆಯುತ್ತಿದ್ದುದರಿಂದಲೇ ಅದಕ್ಕೆ ಪೊಟ್ಯಾಷ್, ಎಂದರೆ ಮಡಕೆಯ ಬೂದಿ, ಎಂದು ಹೆಸರು ಬಂತು. 1807ರಲ್ಲಿ ಹಂಫ್ರಿ ಡೇವಿ ಅದರಿಂದ ಮೂಲವಸ್ತುವನ್ನು ಬೇರ್ಪಡಿಸಿ ಪೊಟ್ಯಾಸಿಯಂ ಎಂದು ಕರೆದ. ನಮ್ಮ ಅಜ್ಜಿ ಒಲೆಯ ಬೂದಿಯನ್ನು ತಿಪ್ಪೆಗೆ ಹಾಕದೆ ಹೀರೆಬಳ್ಳಿಯ ಬುಡಕ್ಕೆ ಹಾಕುತ್ತಿದ್ದುದಕ್ಕೂ ಅರ್ಥವಿತ್ತು.

ಇನ್ನೂ ಒಂದು ಮಾತನ್ನು ಅವರು ಹೇಳಿದರು. ಪೊಟ್ಯಾಷ್ ಗಿಡದ ಮೈಯಲ್ಲಿ ಕಟ್ಟಿಹಾಕಿದ ವಸ್ತುವಲ್ಲ. ರಸದಲ್ಲಿ ಕರಗಿ ಓಡಾಡುತ್ತಿರುತ್ತದೆ. ಎಲೆಯ ಸಣ್ಣ ರಂಧ್ರಗಳನ್ನು ತೆರೆದು ಮುಚ್ಚಿ ನೀರು ಉಳಿಸುವ ಕೆಲಸ ಅದರದು. ಅದಕ್ಕೇ ಅದು ಕಡಿಮೆಯಾದ ಹುಲ್ಲು ಬಿಸಿಲಿಗೆ ಬೇಗ ಸೋಲುತ್ತದೆ. ಅದಕ್ಕೇ, ಹುಲ್ಲು ನಿಂತಲ್ಲೇ ಒಣಗಿ ಮಳೆಗೆ ನೆನೆದರೆ ಪೊಟ್ಯಾಷ್ ತಾನಾಗಿ ತೊಳೆದು ನೆಲಕ್ಕೆ ಇಳಿಯುತ್ತದೆ. ನಾವು ಕಾರ್ತಿಕದಲ್ಲೇ, ಹುಲ್ಲಿನಲ್ಲಿ ಇನ್ನೂ ಹಸಿರಿರುವಾಗಲೇ, ಕೊಯ್ದು ಗಾಡಿಗೆ ಹೇರಿದ್ದೆವು.

ಅಲ್ಲೇ ಒಂದು ಕಾಗದ ಕೇಳಿ ಲೆಕ್ಕ ಹಾಕಿದೆವು. ಆರು ವರ್ಷದಲ್ಲಿ ನಲವತ್ತಮೂರು ಟನ್ನು ಹುಲ್ಲು. ನೂರಕ್ಕೆ ಒಂದೇ ಎಂದು ಕೈಹಿಡಿದು ಹಾಕಿದರೂ 430 ಕಿಲೋ ಪೊಟ್ಯಾಸಿಯಂ. ಅಂಗಡಿಯ ಪೊಟ್ಯಾಷ್ ಗೊಬ್ಬರದಲ್ಲಿ ಅರ್ಧದಷ್ಟೇ ಪೊಟ್ಯಾಸಿಯಂ ಇರುವುದರಿಂದ, ಐವತ್ತು ಕಿಲೋದ ಹದಿನೇಳು ಮೂಟೆ. ಹದಿನೇಳು ಮೂಟೆ ಗೊಬ್ಬರವನ್ನು ನಮ್ಮ ನೆಲದಿಂದ ಅಗೆದು ಡೈರಿಗೆ ಪುಕ್ಕಟೆ ಕೊಟ್ಟಿದ್ದೆವು. ಗೊಬ್ಬರದ ಪೊಟ್ಯಾಷಿಗೆ ನಮ್ಮ ದೇಶದಲ್ಲಿ ಹೇಳಿಕೊಳ್ಳುವಂಥ ಗಣಿಯಿಲ್ಲ. ಹೊರದೇಶದಿಂದ ಹಡಗಿನಲ್ಲಿ ಬರಬೇಕು. ಹುಲ್ಲು ಕಡಿಮೆಯಾದದ್ದಕ್ಕೆ ಪೊಟ್ಯಾಷೊಂದೇ ಕಾರಣವೆಂದು ಹೇಳಲಾರೆವು. ಸಾರಜನಕ, ರಂಜಕಗಳೂ ಅದೇ ಗಾಡಿಯಲ್ಲಿ ಹೋದವು. ಬೋಳಾದ ನೆಲದ ಮೇಲುಮಣ್ಣನ್ನು ಆ ದೊಡ್ಡ ಮಳೆಯೂ ಒಯ್ದಿರಬೇಕು. ಆದರೆ ನಾವು ಕೇಳಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಉಳಿದದ್ದು ಎಲ್ಲಿ ಹೋಯಿತು? ಅಣ್ಣನ ಜೇಬಿಗೆ ಹೋಗಿರಲಿಲ್ಲ. ಅರ್ಧ ನಮ್ಮ ಪುಸ್ತಕದಲ್ಲೇ, ‘ಊರಿನಿಂದ ಜಮಾ’ ಎಂಬ ಬಾಬಿನಲ್ಲಿ ಕುಳಿತಿತ್ತು. ಅದು ಆದಾಯವಾಗಿರಲಿಲ್ಲ, ಅಸಲು.

ಹಿಂದಿರುಗುವಾಗ ಬಸ್ಸಿನಲ್ಲಿ, “ತಪ್ಪಾಯಿತು ಅಣ್ಣ” ಎಂದೆವು. ಅಣ್ಣ ಕಿಟಕಿಯ ಹೊರಗೆ ನೋಡುತ್ತ, “ನನಗೂ ಗೊತ್ತಿತ್ತು ಕಣೋ, ಹುಲ್ಲು ಸೊರಗ್ತಾ ಇದೆ ಅಂತ. ಮಗು ಫೀಜಿಗೆ ಅಂತ ನೀನು ಹೇಳಿದ್ದೆಯಲ್ಲ, ನಿಲ್ಲಿಸೋಕೆ ಬಾಯಿ ಬರಲಿಲ್ಲ” ಎಂದ. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಹಟ್ಟಿಗೂ ಹೋದೆವು. ಅಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು. ಅವನ ಮಗನ ಹತ್ತಿರ ಮಾತನಾಡಿ ಹೊಸ ಏರ್ಪಾಡು ಮಾಡಿದೆವು. ಹೊಸದೇನು, ಹಳೆಯದೇ. ಹನ್ನೆರಡು ಎಕರೆ ಮೂರು ಭಾಗ. ಪ್ರತಿವರ್ಷ ಒಂದು ಭಾಗಕ್ಕೆ ಬೀಜ ಉದುರುವ ತನಕ ಪೂರ್ತಿ ರಜೆ. ಉಳಿದ ಎರಡರಲ್ಲಿ ಸರದಿಯ ಮೇಲೆ ಮೇವು. ಬೇಸಿಗೆಯಲ್ಲಿ ಮಂದೆ ನಮ್ಮಲ್ಲೇ, ಜಾಗ ಬದಲಿಸಿ. ನೀರಿನ ತೊಟ್ಟಿಯನ್ನು ಹುಣಸೆಮರದ ಹತ್ತಿರದಿಂದ ಬಯಲಿನ ಸೊರಗಿದ ಮೂಲೆಗೆ ಸರಿಸಿದೆವು, ದನ ಅಲ್ಲಿಯೂ ನಿಲ್ಲಲಿ ಎಂದು. ಕೊಯ್ಲು ರಜೆಯ ಭಾಗದಲ್ಲಿ ಮಾತ್ರ, ಅದೂ ಬೀಜ ಉದುರಿದ ಮೇಲೆ, ನಮ್ಮ ಕೊಟ್ಟಿಗೆಗೆ ಬೇಕಾದಷ್ಟು. ಕೊಟ್ಟಿಗೆಯ ಗೊಬ್ಬರ, ಗಂಜಲ ನೆನೆದ ಕಸ ಮತ್ತೆ ಅಲ್ಲಿಗೇ. ಮಾರಾಟವಿಲ್ಲ.

2025ರ ಸಂಕ್ರಾಂತಿಗೆ ಮತ್ತೆ ಮಣ್ಣು ಕೊಟ್ಟೆವು. 256. ಒಂಬತ್ತು ಕಿಲೋ ಹೆಚ್ಚು. ಇಷ್ಟು ಹೆಚ್ಚುಕಡಿಮೆ ಪರೀಕ್ಷೆಯಲ್ಲೇ ಆಗುವುದುಂಟು, ಏರಿತೆಂದು ಹಿಗ್ಗಬೇಡಿ ಎಂದು ಆ ಅಧಿಕಾರಿಗಳು ನಕ್ಕರು. ಇಳಿಯಲಿಲ್ಲವಲ್ಲ, ಅಷ್ಟು ಸಾಕು ಎಂದು ನಾವೂ ನಕ್ಕೆವು. ಆರು ವರ್ಷದಲ್ಲಿ ಒಯ್ದದ್ದನ್ನು ಎರಡು ವರ್ಷದಲ್ಲಿ ತುಂಬಿಸಲು ಯಾವ ನೆಲವೂ ಒಪ್ಪುವುದಿಲ್ಲ.

ದೀಪಾವಳಿ ಕಳೆದ ಮೇಲೆ ಪುಣೆಯ ಹೊರವಲಯದಲ್ಲಿ ಧನಗರರ ಕುರಿಮಂದೆಗಳು ಕೊಂಕಣದ ಕಡೆ ಸಾಗುವುದನ್ನು ನೀವೂ ನೋಡಿರಬಹುದು. ದಾರಿಯ ರೈತರು ಕಾಳು ಕೊಟ್ಟು ಆ ಮಂದೆಯನ್ನು ತಮ್ಮ ಹೊಲದಲ್ಲಿ ರಾತ್ರಿ ನಿಲ್ಲಿಸಿಕೊಳ್ಳುತ್ತಾರೆ. ಮೊದಲು ಬಸ್ಸು ತಡವಾಯಿತೆಂದು ನಾವು ಗೊಣಗುತ್ತಿದ್ದೆವು. ಈಗ ಎಷ್ಟು ಕುರಿ ಇರಬಹುದೆಂದು ಎಣಿಸುತ್ತೇವೆ.

ಮಗಳ ಫೀಜು ಈಗ ನಮ್ಮ ಸಂಬಳದಿಂದಲೇ. ಅದಕ್ಕಾಗಿ ಒಂದೆರಡು ಖರ್ಚು ಕಡಿಮೆ ಮಾಡಿದ್ದೇವೆ. ಅದನ್ನು ಇಲ್ಲಿ ಹೇಳುವ ಅಗತ್ಯವಿಲ್ಲ. ಲೆಕ್ಕದ ಪುಸ್ತಕದಲ್ಲಿ ‘ಊರಿನಿಂದ ಜಮಾ’ ಎಂಬ ಬಾಬಿನ ಎದುರು ಸೊನ್ನೆ ಬರೆಯುವಾಗ ಇವತ್ತಿಗೂ ಕೈ ಒಂದು ಕ್ಷಣ ತಡೆಯುತ್ತದೆ. ಆದರೆ ಹಪ್ಪಳದ ಡಬ್ಬ ಮತ್ತೆ ಬರುತ್ತಿದೆ. ಭಾನುವಾರ ಬೆಳಿಗ್ಗೆ ಅಣ್ಣನ ಫೋನೂ ಬರುತ್ತದೆ. ಕ್ಷೇಮಸಮಾಚಾರ ಆಮೇಲೆ. ಮುಂಗಾರಿನ ದಿನಗಳಲ್ಲಾದರೆ ಅವನ ಮೊದಲ ಮಾತು ಒಂದೇ: “ಹುಲ್ಲು ಮೊಣಕಾಲಿಗೆ ಬಂತು ಕಣೋ, ನಾಳೆ ದನ ಬಿಡ್ತೀನಿ.”